ಶಾಫ್ಟಿನ ಮೇಲಿನ ಬಾಣದ ಗುರುತು

ಬನಹಟ್ಟಿಯಲ್ಲಿ ಅಪ್ಪನ ಪಾವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನಡೆಸಿ ಬೆಳೆದವಳು ನಾನು. ಮದುವೆಯಾಗಿ ಬಂದದ್ದು ಜಮಖಂಡಿಯ ಲಾರಿಯವರ ಮನೆಗೆ. ಅಪ್ಪನ ಶೆಡ್ಡು ನೋಡಿಕೊಳ್ಳುತ್ತಿದ್ದ ತಮ್ಮ ಭಿವಂಡಿಯಿಂದ ಎರಡು ಹಳೆಯ ಮಗ್ಗ ತರಿಸುತ್ತೇನೆಂದಾಗ, ತರುವ ಲಾರಿ ನಮ್ಮದು, ಮಗ್ಗ ಆರಿಸುವ ಕೆಲಸ ನನ್ನದು ಎಂದಾಯಿತು. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ನಾನು ಮೊದಲ ಸಲ ಅಷ್ಟು ದೂರ ಗಂಡನ ಪಕ್ಕದಲ್ಲಿ ಕೂತು ಹೋದೆ.

ಲಾರಿ ಹಳೆಯದು. ಅದರ ರಿಪೇರಿಯನ್ನೆಲ್ಲ ನಮ್ಮ ಮನೆಯವರು ತಾವೇ ಮಾಡಿಕೊಳ್ಳುತ್ತಿದ್ದರು. ಬೇರೆ ಮೇಸ್ತ್ರಿ ಕೈಹಚ್ಚಿದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಮಗ್ಗ ಹೇರಿಕೊಂಡು ಹಿಂದಿರುಗುವಾಗ, ಪುಣೆ ದಾಟಿದ ಮೇಲೆ, ಗಿಯರ್ ಬದಲಿಸಿದಾಗಲೆಲ್ಲ ಕೆಳಗೆ ಟಕ್ಕೆಂದು ಸಪ್ಪಳ ಬರತೊಡಗಿತು. ಗಿಯರ್ ಬಾಕ್ಸಿನಿಂದ ಹಿಂದಿನ ಗಾಲಿಗಳಿಗೆ ತಿರುಗುವ ಬಲ ಒಯ್ಯುವ ಉದ್ದನೆಯ ಶಾಫ್ಟ್ ಇದೆಯಲ್ಲ, ಅದರ ತುದಿಯ ಕೀಲಿನೊಳಗಿನ ಕ್ರಾಸ್ ಸವೆದಿದೆ ಎಂದರು. ಸಾತಾರದಲ್ಲಿ ಹೊಸ ಕ್ರಾಸ್ ಕೊಂಡು, ರಸ್ತೆ ಪಕ್ಕದಲ್ಲೇ ಶಾಫ್ಟ್ ಇಳಿಸಿ, ಬಿಚ್ಚಿ, ಅದನ್ನು ಹಾಕಿ, ಮತ್ತೆ ಕೂಡಿಸಿದರು. ಟಕ್ಕೆನ್ನುವುದು ನಿಂತಿತು.

ಆದರೆ ಲಾರಿ ವೇಗ ಹಿಡಿಯುತ್ತಿದ್ದಂತೆ ಹೊಸದೊಂದು ನಡುಕ ಶುರುವಾಯಿತು. ಸೀಟು, ಬಾಗಿಲು, ನೀರಿನ ಕ್ಯಾನು ಎಲ್ಲ ಗದಗದ. ಮಗ್ಗದ ಭಾರ ಒಂದು ಕಡೆ ಜರುಗಿರಬೇಕು ಎಂದು ಇಳಿದು ಹಗ್ಗ ಬಿಗಿದರು. ನಡುಕ ಹಾಗೇ ಇತ್ತು. ಟಾಯರು ಉಬ್ಬಿರಬೇಕು ಎಂದು ಒಂದೊಂದನ್ನೂ ಕೈಯಿಂದ ಸವರಿ ನೋಡಿದರು. ಎಲ್ಲ ಸರಿಯಾಗಿದ್ದವು. ಕೊನೆಗೆ ನನ್ನ ಕಡೆ ತಿರುಗಿದರು.

“ನೀ ಚಪ್ಪಲಿ ತಗದು ಕಾಲು ಕೆಳಗ ಊರಿ ಕೂಡು. ಯಾವಾಗ ನಡಗತೈತಿ, ಯಾವಾಗ ಕಡಿಮಿ ಆಕ್ಕೈತಿ, ಅಷ್ಟ ಹೇಳು. ನನ್ನ ಲಕ್ಷ್ಯ ರಸ್ತಾದ ಮ್ಯಾಲ ಇರತೈತಿ.”

ದಾರಿ ಖಾಲಿಯಾಗಿದ್ದ ಕಡೆ ವೇಗ ಏರಿಸಿದರು. ಅಂಗಾಲಿಗೆ ನಡುಕ ಬಂತು, ಹೇಳಿದೆ. ಗಿಯರ್ ತೆಗೆದು ನ್ಯೂಟ್ರಲ್ ಮಾಡಿ ಲಾರಿಯನ್ನು ಹಾಗೇ ಬಿಟ್ಟರು. ಎಂಜಿನ್ನಿನ ಸದ್ದು ಇಳಿಯಿತು, ಆದರೆ ನಡುಕ ಇಳಿಯಲಿಲ್ಲ. ಲಾರಿ ನಿಧಾನವಾದ ಹಾಗೆ ಅದೂ ಸಣ್ಣದಾಗುತ್ತ ಬಂತು. ನಿಂತ ಮೇಲೆ ಬರೀ ಎಂಜಿನ್ ಜೋರು ಮಾಡಿದರು. ಏನೂ ಇಲ್ಲ. ಹಾಗಾದರೆ ದೋಷ ಎಂಜಿನ್ನಿನದಲ್ಲ ಎಂದರು. ಸ್ಟೇರಿಂಗ್ ಕೈಯಲ್ಲಿ ಅಲುಗುತ್ತಿರಲಿಲ್ಲ, ಅಂದರೆ ಮುಂದಿನ ಗಾಲಿಯದೂ ಅಲ್ಲ. ಉಳಿದದ್ದು ಶಾಫ್ಟ್. ಆದರೆ ಅದನ್ನು ಈಗಷ್ಟೇ ಮಾಡಿದ್ದೇನೆ, ಒಂದು ಬೋಲ್ಟೂ ಸಡಿಲ ಇಲ್ಲ ಎಂದು ಅವರು ಅದನ್ನು ಬಿಟ್ಟುಬಿಡಲು ನೋಡಿದರು.

“ಸಾತಾರದ ತನಕ ಈ ನಡುಕ ಇರಲಿಲ್ಲರಿ,” ಅಂದೆ.

ಅವರು ಲಾರಿಯನ್ನು ಮತ್ತೆ ಹೊರಡಿಸಿದರು. ನಾನು ಬಿಡಲಿಲ್ಲ. ಮಗ್ಗದಲ್ಲಿ ಎರಡು ಹಲ್ಲಿನ ಗಾಲಿ ಒಂದಕ್ಕೊಂದು ಕಚ್ಚಿ ತಿರುಗುತ್ತವೆ. ಅವನ್ನು ಬಿಚ್ಚಿ ಕೂಡಿಸುವಾಗ ಗುರುತಿಗೆ ಗುರುತು ಹೊಂದಿಸದೆ ಒಂದು ಹಲ್ಲು ತಪ್ಪಿದರೂ ಲಾಳಿ ಹೊತ್ತಿಗೆ ಸರಿಯಾಗಿ ಓಡುವುದಿಲ್ಲ. ಬೋಲ್ಟು ಎಷ್ಟು ಬಿಗಿದರೂ ಅದು ನೆಟ್ಟಗಾಗುವುದಿಲ್ಲ. ಇದನ್ನು ಹೇಳಿ, ನಿಮ್ಮ ಶಾಫ್ಟಿನಲ್ಲೂ ಅಂಥ ಗುರುತು ಇರುತ್ತದೆಯೇ ಎಂದು ಕೇಳಿದೆ. “ಇರತೈತಿ,” ಎಂದರು. ಆಮೇಲೆ ಲಾರಿಯನ್ನು ಒಂದು ಬೇವಿನ ಮರದ ನೆರಳಿಗೆ ತಿರುಗಿಸಿದರು.

ಗಾಲಿಗಳಿಗೆ ಕಲ್ಲು ಕೊಟ್ಟು ಇಬ್ಬರೂ ಕೆಳಗೆ ತೂರಿದೆವು. ಆ ಶಾಫ್ಟ್ ಎರಡು ತುಂಡಿನದು, ಹಲ್ಲುಗಳಿರುವ ಒಂದು ತುಂಡು ಇನ್ನೊಂದರೊಳಗೆ ಜಾರಿ ಕೂರುತ್ತದೆ. ನಾನು ಹಳೆ ಸೀರೆಯ ಚೂರಿನಿಂದ ಗ್ರೀಸು, ಮಣ್ಣು ಒರೆಸುತ್ತ ಹೋದೆ. ಒಂದು ತುಂಡಿನ ಮೇಲೆ ಬಾಣದ ಗುರುತು ಕಂಡಿತು. ಇನ್ನೊಂದರ ಬಾಣ ಅದರ ಎದುರಿಗಿರದೆ ಪಕ್ಕಕ್ಕೆ ಸರಿದಿತ್ತು.

ಮಲಗಿದಲ್ಲೇ ಅವರು ಎರಡೂ ಬಾಣಗಳ ಮೇಲೆ ಬೆರಳಾಡಿಸಿದರು. “ಖರೆ ಐತಿ. ನಾನ ತಪ್ಪಿ ಕೂಡಿಸೇನಿ,” ಎಂದು ಮೆಲ್ಲಗೆ ನಕ್ಕರು. “ಪಾನಾ ಕೊಡು.” ಸ್ಪ್ಯಾನರನ್ನು ಅವರ ಕೈಗಿಟ್ಟೆ.

ಶಾಫ್ಟ್ ಮತ್ತೆ ಇಳಿಯಿತು. ಅವರು ಹಲ್ಲು ತಿರುಗಿಸಿ ಬಾಣಕ್ಕೆ ಬಾಣ ಹೊಂದಿಸಿದರು. ಭಾರಕ್ಕೆ ನನ್ನ ತೋಳು ಸೋತರೂ ಬೋಲ್ಟು ಕೂರುವ ತನಕ ಶಾಫ್ಟಿನ ತುದಿ ಬಿಡಲಿಲ್ಲ. ಸೀರೆಗೆಲ್ಲ ಗ್ರೀಸಾಗಿತ್ತು. ಹೊರಟ ಮೇಲೆ ಮತ್ತೆ ಬರಿಗಾಲು ಊರಿ ಕೂತೆ. ವೇಗ ಏರಿತು, ಇನ್ನೂ ಏರಿತು. ಅವರು ಕೇಳುತ್ತಲೇ ಇದ್ದರು, ನನಗೆ ಖಾತ್ರಿಯಾಗುವವರೆಗೆ ನಾನು ಉತ್ತರ ಕೊಡಲಿಲ್ಲ.

“ಹೋತರಿ. ಏನೂ ಇಲ್ಲ ಈಗ.”

ಬನಹಟ್ಟಿ ಮುಟ್ಟುವ ತನಕ ಲಾರಿ ಹಾಗೇ ಓಡಿತು. ಮಗ್ಗ ಇಳಿಸುವಾಗ ಅವರು ನನ್ನ ತಮ್ಮನಿಗೆ ನಡೆದದ್ದನ್ನೆಲ್ಲ ತಾವಾಗಿಯೇ ಹೇಳಿದರು, ತಪ್ಪು ತಮ್ಮದೆನ್ನುವುದನ್ನೂ ಮುಚ್ಚಿಡದೆ. ನನಗೆ ಅದು ತುಂಬ ಹಿಡಿಸಿತು. ಮರುವರ್ಷ ಮಹಾಲಿಂಗಪುರದ ಬೆಲ್ಲ ಹೇರಿಕೊಂಡು ಗುಜರಾತಿಗೆ ಹೊರಟಾಗ, ಬರುತ್ತೀಯೇನು ಎಂದು ನನ್ನನ್ನು ಅವರೇ ಕೇಳಿದರು. ಅತ್ತೆ ಆಗಲೇ ನಮ್ಮಿಬ್ಬರಿಗೂ ರೊಟ್ಟಿ ಕಟ್ಟುತ್ತಿದ್ದರು.