ಫರಸಿ ಗಲ್ಲಿಯ ಸೋರಿಕೆ, ವಾಡಿಯ ಹೆಡ್‌ಫೋನ್

ಕೊರೋನಾ ಮುಗಿದು ಜನ ಮಾಸ್ಕ್ ಮರೆತ ವರ್ಷ. ನಾನು ಶಹಾಬಾದ ಭಾಗದಲ್ಲಿ ನೀರು ಸರಬರಾಜಿನ ಸಹಾಯಕ ಎಂಜಿನಿಯರ್ ಆಗಿದ್ದೆ. ಅದಕ್ಕೆ ಮೊದಲು ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಕಡೆ ಪೈಪು ಕಾದು ಬಂದವಳು. ನಿವೃತ್ತಿ ಹತ್ತಿರ ಬಂದಿತ್ತು. ಜೊತೆಯವರೆಲ್ಲ ಪಿಂಚಣಿ ಕಾಗದ ಹೊಂದಿಸುವುದರಲ್ಲಿದ್ದರೆ ನನಗೆ ಮಾತ್ರ ಆ ವಯಸ್ಸಿನಲ್ಲಿ ಹೆಡ್‌ಫೋನಿನ ಹುಚ್ಚು ಹಿಡಿಯಿತು. ನಗುವವರು ನಗಲಿ. ಸಾವಿರ ಚಿಲ್ಲರೆ ರೂಪಾಯಿಯ ಆ ಹೆಡ್‌ಫೋನ್ ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಹೆಡ್‌ಫೋನಿಗೂ ನೀರಿಗೂ ಏನು ಸಂಬಂಧ ಎಂದು ಮೊದಲೇ ಹೇಳಿಬಿಡುತ್ತೇನೆ. ನೆಲದಡಿಯ ಪೈಪು ಸೋರಿದರೆ ಕಣ್ಣಿಗೆ ಕಾಣದು, ಆದರೆ ಕಿವಿಗೆ ಸಿಗುತ್ತದೆ. ಒತ್ತಡದ ನೀರು ಸಣ್ಣ ಬಿರುಕಿನಿಂದ ನುಗ್ಗುವಾಗ ‘ಸುಂಯ್’ ಎಂದು ಸದ್ದು ಮಾಡುತ್ತದೆ. ಅದನ್ನು ಹಿಡಿಯಲು ಗ್ರೌಂಡ್ ಮೈಕ್ ಎಂಬ ಸಾಧನವಿದೆ: ನೆಲದ ಮೇಲಿಡುವ ಒಂದು ಮೈಕು, ಹೆಗಲಿಗೆ ಹಾಕಿಕೊಳ್ಳುವ ಆಂಪ್ಲಿಫೈಯರ್ ಡಬ್ಬಿ, ಆ ಡಬ್ಬಿಗೆ ಸಿಕ್ಕಿಸುವ ಹೆಡ್‌ಫೋನ್. ದೊಡ್ಡ ಶಹರಗಳಲ್ಲಿ ಈ ಕೆಲಸವನ್ನು ಊರು ಮಲಗಿದ ಮೇಲೆ ಮಾಡುತ್ತಾರೆ. ನಮಗೆ ಆ ಸುಖವಿಲ್ಲ. ಪೈಪಿನಲ್ಲಿ ನೀರಿದ್ದರೆ ತಾನೇ ಸದ್ದು? ನಾನು ಹೇಳಹೊರಟ ಗಲ್ಲಿಗೆ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ, ಅದೂ ಹಾಡಹಗಲು, ತಾಸು ಹೊತ್ತು. ಆಗ ಕಲ್ಲು ಕೊಯ್ಯುವ ಮಷಿನ್ನು, ಟ್ರ್ಯಾಕ್ಟರು, ಆಟೋ, ಗಿರಣಿ ಎಲ್ಲ ಒಟ್ಟಿಗೇ ಕೂಗುತ್ತಿರುತ್ತವೆ. ಸಾಲದ್ದಕ್ಕೆ ನಮ್ಮ ಸೆಟ್ಟಿನ ಜೊತೆ ಬಂದಿದ್ದ ಹೆಡ್‌ಫೋನಿನ ವಾಯರನ್ನು ಸ್ಟೋರ್ ರೂಮಿನ ಇಲಿಗಳು ಕಡಿದು ಹಾಕಿದ್ದವು. ಕಂಪನಿಯಿಂದ ಹೊಸದು ತರಿಸೋಣವೆಂದರೆ ಬೆಲೆ ಕೇಳಿಯೇ ತಲೆ ತಿರುಗಿತು. ಬರುವುದು ಮಳೆಗಾಲ ಕಳೆದ ಮೇಲೆ ಎಂದರು.

ಅಷ್ಟರಲ್ಲಿ ಫರಸಿ ಗಲ್ಲಿಯ ಶರಣಮ್ಮನ ದೂರು ಬಂತು. ಶಹಾಬಾದಿ ಕಲ್ಲಿನ ಚಪ್ಪಡಿಗೆ ನಮ್ಮ ಕಡೆ ಫರಸಿ ಎನ್ನುತ್ತೇವೆ. ಆ ಗಲ್ಲಿಯಲ್ಲಿ ಗೋಡೆ, ಮಾಳಿಗೆ, ಅಂಗಳ, ಎಲ್ಲವೂ ಅದೇ ಕಲ್ಲಿನದು. ಶರಣಮ್ಮ ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಟ್ಟು ಸಂಸಾರ ಎಳೆದವಳು. ಆಕೆಯ ಅಡುಗೆಮನೆಯ ಮಣ್ಣಿನ ನೆಲದಲ್ಲಿ ನೀರು ಜಿನುಗತೊಡಗಿತ್ತು. ಖಡಕ್ ರೊಟ್ಟಿ ಎಂದರೆ ತಿಂಗಳಿಟ್ಟರೂ ಮುರಿದಾಗ ಕಟ್ ಎನ್ನಬೇಕು. ಆಕೆಯ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗಿ ಬೂಸು ಹಿಡಿಯುತ್ತಿತ್ತು. ಖಾನಾವಳಿಯವರು ಗಂಟು ವಾಪಸ್ ಕಳಿಸಿದ್ದರು.

ರೊಟ್ಟಿಗಿಂತ ನನ್ನನ್ನು ಹೆದರಿಸಿದ್ದು ಗೋಡೆ. ಮಣ್ಣಲ್ಲಿ ಕಟ್ಟಿದ ಹಳೆಯ ನಡುಗೋಡೆ ಬುಡದಲ್ಲಿ ನೀರು ಕುಡಿದು ಒಲೆಗಳ ಕಡೆಗೆ ಉಬ್ಬಿತ್ತು. ಗೋಡೆಯ ಆಚೆ ಆಕೆಯ ಮೈದುನ ಶಿವರಾಜನ ಮನೆ. ಅವನು ಹಿಂದಿನ ವರ್ಷ ಅದೇ ಗೋಡೆಯ ಬುಡಕ್ಕೆ ನೀರಿನ ಸಂಪ್ ಕಟ್ಟಿಸಿದ್ದ. ಸಂಪ್ ಸೋರುತ್ತಿದೆ ಎಂದು ಆಕೆ, ಸೋರುತ್ತಿಲ್ಲ ಎಂದು ಅವನು. ಶರಣಮ್ಮ ಸೊಸೆಯಾಗಿ ಬಂದಾಗ ಶಿವರಾಜ ಇನ್ನೂ ಶಾಲೆಗೆ ಹೋಗುತ್ತಿದ್ದನಂತೆ, ಆಕೆಯ ಕೈ ರೊಟ್ಟಿ ತಿಂದೇ ಬೆಳೆದವನು. ಈಗ ಇಬ್ಬರಿಗೂ ಮಾತಿಲ್ಲ. ನಾನು ಹೋದ ದಿನ ಅವನು ಗೋಡೆಯ ಆಚೆ ನಿಂತು, ಆಕೆಗೆ ಕೇಳಲೆಂದೇ, ನನಗೆ ಹೇಳಿದ.

“ಬರೋ ವಾರ ನೀರು ಬಂದು ಹೋದ ಮರುದಿನ ಬ್ರೇಕರ್‌ನವನಿಗಿ ಬಾ ಅಂದೀನ್ರಿ. ಸಂಪ್ ಒಡದೇ ತೋರಸ್ತೀನಿ. ಆಮ್ಯಾಗ ಯಾರ ಮಾತು ಸುಳ್ಳು ಅಂತ ಗಲ್ಲ್ಯಾಗ ಎಲ್ಲಾರಿಗೂ ಗೊತ್ತಾಗ್ಲಿ.”

ಬ್ರೇಕರ್ ಅಂದರೆ ಕಾಂಕ್ರೀಟ್ ಒಡೆಯುವ ಯಂತ್ರ, ಇಡೀ ನೆಲ ನಡುಗಿಸುತ್ತದೆ. ಆ ಉಬ್ಬಿದ ಗೋಡೆಯ ಬುಡಕ್ಕೆ ಅದನ್ನು ಹಚ್ಚಿದರೆ ಗೋಡೆ ನೇರವಾಗಿ ಒಲೆಗಳ ಮೇಲೆ ಬರುತ್ತದೆ. ಇಬ್ಬರಿಗೂ ಬಿಡಿಸಿ ಹೇಳಿದೆ. ಇಬ್ಬರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಡೆಗೆ ಒಂದು ಸಪ್ಲೈಯ ಮಟ್ಟಿಗೆ ಕಾಲಾವಕಾಶ ಕೊಡಿ, ಆ ತಾಸಿನಲ್ಲಿ ನಾನು ಸೋರಿಕೆ ತೋರಿಸದಿದ್ದರೆ ನಿಮ್ಮಿಷ್ಟ ಎಂದು ಹೇಳಿ ಬಂದೆ. ಹೇಳುವಾಗ ನನ್ನ ಹತ್ತಿರ ಮೈಕಿತ್ತು, ಡಬ್ಬಿಯಿತ್ತು, ಕೇಳಲು ಹೆಡ್‌ಫೋನೇ ಇರಲಿಲ್ಲ.

ಮರುದಿನವೇ ವಾಡಿಗೆ ಹೋದೆ. ರೈಲು ಸ್ಟೇಷನ್ನಿನ ಹೊರಗೆ ಮೊಬೈಲ್ ಸಾಮಾನಿನ ಅಂಗಡಿ, ಮಾಲಕ ಇರ್ಫಾನ್. ಆತ ಮೊದಲು ತೆಗೆದದ್ದು ಮಿರಮಿರ ಮಿಂಚುವ ಒಂದು ಹೆಡ್‌ಫೋನ್.

“ಇದು ತೊಗೋರಿ ಮೇಡಂ. ಬೇಸ್ ಹ್ಯಾಂಗ ಅದ ಅಂದ್ರ, ಎದಿ ಗುಮ್ ಅಂತದ.”

“ಎದಿ ಗುಮ್ ಅನ್ನೋದು ಬ್ಯಾಡಪಾ. ಅದಕ್ಕೇ ಬಿಪಿ ಗುಳಿಗಿ ತೊಗೊಳ್ಳಿಕತ್ತೀನಿ,” ಎಂದೆ.

ನನ್ನ ಮೊಬೈಲಿನಲ್ಲಿ ಚಿಂಚೋಳಿಯ ಹಳೆಯ ಸೋರಿಕೆಯೊಂದರ ಸದ್ದು ರೆಕಾರ್ಡ್ ಆಗಿ ಉಳಿದಿತ್ತು. ಅದನ್ನೇ ಹಚ್ಚಿ ಕೇಳಿದೆ. ಬೇಸ್ ಅಂದರೆ ತಬಲಾದ ಡಗ್ಗಾ ಕೊಡುವಂಥ ದಪ್ಪ ಸದ್ದು. ಆ ಹೆಡ್‌ಫೋನ್ ಅದನ್ನು ಎಷ್ಟು ಉಬ್ಬಿಸಿತೆಂದರೆ ರೆಕಾರ್ಡಿನಲ್ಲಿ ದೂರದಲ್ಲೆಲ್ಲೋ ಹೋದ ಲಾರಿ ನನ್ನ ತಲೆಯೊಳಗೇ ಹೋಯಿತು. ಸೋರಿಕೆಯ ಸುಂಯ್ ಅದರಡಿಗೆ ಸಿಕ್ಕು ಸತ್ತುಹೋಯಿತು. ಎರಡನೆಯದು ಹಿಂಬದಿಗೆ ಜಾಳಿಗೆಯಿದ್ದ ಹಗುರಾದದ್ದು. ಅಬ್ಬಾ, ಅದರ ಸದ್ದು ಎಷ್ಟು ಬಿಚ್ಚಿಕೊಂಡು ಬರುತ್ತಿತ್ತು. ಮನೆಯಲ್ಲಿ ಕೂತು ಗಾಯನ ಕೇಳುವವರು ಅದನ್ನೇ ಕೊಳ್ಳಲಿ. ಆದರೆ ಸುಂಯ್ ಜೊತೆಗೆ ಸ್ಟೇಷನ್ನಿನ ಅನೌನ್ಸ್‌ಮೆಂಟು, ಇಂಜಿನ್ನಿನ ಹಾರ್ನು, ಪಕ್ಕದ ಮಿರ್ಚಿ ಬಜಿ ಬಾಣಲೆಯ ಚುಂಯ್ ಕೂಡ ಒಳಗೆ ಬಂತು. ಬಜಿ ಎಣ್ಣೆಗೂ ನನ್ನ ಪೈಪಿಗೂ ಸ್ವರ ಒಂದೇ ಎಂದು ಅವತ್ತು ಗೊತ್ತಾಯಿತು.

ಮೂರನೆಯದನ್ನು ನಾನೇ ಮೂಲೆಯಿಂದ ಎಳೆದೆ. ಕಪ್ಪು, ಸಾದಾ, ಮಡಚಿದರೆ ನನ್ನ ವ್ಯಾನಿಟಿ ಬ್ಯಾಗಿಗೆ ಹೋಗುವಂಥದ್ದು. “ಅದು ಯಾರೂ ತೊಗೊಳ್ಳಾಂಗಿಲ್ರಿ, ಸಪ್ಪನ ಆವಾಜ್ ಅದರದು,” ಎಂದ ಇರ್ಫಾನ್. ಅದರ ಬಟ್ಟಲು ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುತ್ತದೆ. ಬಟ್ಟಲಿನ ಬೆನ್ನು ಗಟ್ಟಿಯಾಗಿ ಮುಚ್ಚಿರುತ್ತದೆ. ಇದಕ್ಕೇ ಕ್ಲೋಸ್ಡ್ ಬ್ಯಾಕ್ ಎನ್ನುವುದು. ಹಾಕಿಕೊಂಡೆ. ಬಾಗಿಲು ಮುಚ್ಚಿದ ಹಾಗೆ ವಾಡಿ ಸ್ಟೇಷನ್ ದೂರವಾಯಿತು. ರೆಕಾರ್ಡ್ ಹಚ್ಚಿದೆ. ಲಾರಿ ಲಾರಿಯಷ್ಟೇ, ಸುಂಯ್ ಸುಂಯ್‌ನಷ್ಟೇ, ಯಾವುದನ್ನೂ ಉಬ್ಬಿಸದೆ, ಯಾವುದನ್ನೂ ನುಂಗದೆ. ನಾನು ಅಂಗಡಿಯಲ್ಲೇ ಜೋರಾಗಿ ‘ಸಿಕ್ತು’ ಎಂದುಬಿಟ್ಟೆ. ಕಿವಿ ಮುಚ್ಚಿದ್ದರಿಂದ ಎಷ್ಟು ಜೋರು ಎಂದು ನನಗೆ ತಿಳಿಯಲಿಲ್ಲ, ಗಿರಾಕಿಗಳೆಲ್ಲ ತಿರುಗಿ ನೋಡಿದರು.

“ಯಾವ ಹಾಡ್ರಿ ಅದು?” ಎಂದ ಇರ್ಫಾನ್.

“ಚಿಂಚೋಳಿ ಪೈಪಿಂದು,” ಎಂದೆ. ಆತ ನಮ್ಮ ಡಬ್ಬಿಗೆ ಬೇಕಾದ ದಪ್ಪ ಪಿನ್ನನ್ನು ಮೇಲಿಂದ ಪುಕ್ಕಟೆ ಕೊಟ್ಟ. ಬಹುಶಃ ಕನಿಕರ ಬಂದಿರಬೇಕು.

ಅದರಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಹಾಡು ಕೇಳಿದರೆ ಡಬ್ಬಿಯೊಳಗೆ ಕೂತು ಹಾಡಿದಂತೆ ಇಕ್ಕಟ್ಟು. ನಮ್ಮ ಬಿಸಿಲಿಗೆ ಕಿವಿ ಬೆವೆತು ಬೇಯುತ್ತದೆ. ಮೊದಲ ದಿನ ತಲೆಯನ್ನು ಹಿಂಡುತ್ತದೆ. ಆದರೂ ಆ ಬೆಲೆಗೆ ಅಷ್ಟು ನಿಯತ್ತಿನ ಸದ್ದು ಸಿಕ್ಕಿದ್ದು ನನಗೆ ಇವತ್ತಿಗೂ ಆಶ್ಚರ್ಯ. ಆ ವಾರವಿಡೀ ಮನೆಯ ನಲ್ಲಿ, ಫ್ರಿಜ್ಜು, ಗೋಡೆ ಗಡಿಯಾರ ಎಲ್ಲಕ್ಕೂ ಮೈಕಿಟ್ಟು ಕೇಳಿದೆ. ಮನೆಯವರು ಡಾಕ್ಟರಿಗೆ ತೋರಿಸೋಣವೇ ಎಂದು ಕೇಳಿದರು.

ಸಪ್ಲೈಯ ದಿನ ಬಂತು. ವಾಲ್‌ಮನ್ ಮಲ್ಲಣ್ಣ ನೀರಿನ ಟಾಕಿಯ ಹತ್ತಿರ ನಿಂತು ವಾಲ್ ತಿರುವಿ ನನಗೆ ಫೋನ್ ಮಾಡಿದ. ಗಲ್ಲಿಯಲ್ಲಿ ನಲ್ಲಿಗಳು ಕೆಮ್ಮಿ ನೀರು ಬಂತು. ಹೆಡ್‌ಫೋನ್ ಹಾಕಿಕೊಂಡರೆ ಎಲ್ಲ ಗದ್ದಲವೂ ಒಳಗೇ. ಕೈಯಿಂದ ಒತ್ತಿ ಹಿಡಿದೆ, ಹಾಗೇ. ಆಮೇಲೆ ಹೊಳೆಯಿತು: ಅಂಗಡಿಯಲ್ಲಿ ಕೇಳುವಾಗ ಇರದಿದ್ದ ಕನ್ನಡಕದ ಕಡ್ಡಿ ಮತ್ತು ಬೆಂಡೋಲೆ ಬಟ್ಟಲನ್ನು ಕಿವಿಯ ಸುತ್ತ ಕೂರಲು ಬಿಡುತ್ತಿಲ್ಲ. ಕ್ಲೋಸ್ಡ್ ಬ್ಯಾಕ್ ಪೂರ್ತಿ ಮುಚ್ಚಿದರೆ ಮಾತ್ರ ಕ್ಲೋಸ್ಡ್. ಕನ್ನಡಕ ಬ್ಯಾಗಿಗೆ ಹಾಕಿದೆ, ಬೆಂಡೋಲೆ ಬಿಚ್ಚಿ ಶರಣಮ್ಮನ ಕೈಗೆ ಕೊಟ್ಟೆ.

“ಕೆಲಸ ಆಗ್ಲಿಲ್ಲಂದ್ರ ವಾಪಸ್ ಕೊಡಾಂಗಿಲ್ಲ ನೋಡ್ರಿ ಮೇಡಂ,” ಎಂದು ಆಕೆ ಸೆರಗಿಗೆ ಗಂಟು ಹಾಕಿಕೊಂಡಳು. ಅಂಥ ಹೊತ್ತಿನಲ್ಲೂ ಚೇಷ್ಟೆ.

ಶಿವರಾಜನಿಂದ ಸಂಪಿನ ನಲ್ಲಿ ಬಂದ್ ಮಾಡಿಸಿ ಅದರ ಗೋಡೆಗೆ ಮೈಕಿಟ್ಟೆ. ಸದ್ದಿಲ್ಲ. ಅವನ ಮುಖ ಅರಳಿತು. ನಾನು ಸುಳ್ಳು ಹೇಳಲಾರೆ. ಸಂಪಿನ ನೀರಿಗೆ ಒತ್ತಡವಿಲ್ಲ, ಸೋರಿದರೂ ಸದ್ದಿಲ್ಲದೆ ಸೋರುತ್ತದೆ, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದೆ. ಮುಖ ಮತ್ತೆ ಬಾಡಿತು. ಶರಣಮ್ಮನ ಅಡುಗೆಮನೆಗೆ ಬಂದು ಒಲೆಯ ಪಕ್ಕ ಮೈಕಿಟ್ಟೆ. ಏನೂ ಇಲ್ಲ. ಬಾಗಿಲ ಬಳಿಯ ನಲ್ಲಿಯ ಪೈಪಿಗೆ ಇಟ್ಟೆ. ಅಲ್ಲಿ, ಬಹಳ ದೂರದಲ್ಲಿ, ಕೂದಲಷ್ಟು ತೆಳುವಾಗಿ, ಸುಂಯ್.

ನನ್ನ ಮೈಯೆಲ್ಲ ಕಿವಿಯಾಯಿತು. ಹೊರಗೆ ಬಂದು ಗಲ್ಲಿಯ ಏರಿನ ಕಡೆಗೆ ಹೆಜ್ಜೆಗೊಮ್ಮೆ ಮೈಕಿಡುತ್ತ ಹೊರಟೆ. ಸದ್ದು ಹೆಚ್ಚುತ್ತಿತ್ತು. ಹಿಂದೆ ಜನ.

“ಒದ್ದಿ ಆಗಿದ್ದು ಕೆಳಗ, ನೀವು ಮ್ಯಾಲ ಎಲ್ಲಿಗಿ ಹೊಂಟೀರಿ?” ಎಂದು ಶಿವರಾಜ ಕೂಗಿದ. ತುಟಿ ನೋಡಿ ತಿಳಿದುಕೊಂಡೆ, ಉತ್ತರ ಕೊಡಲು ಪುರಸೊತ್ತಿರಲಿಲ್ಲ. ಅಲ್ಲಿ ಹಳೆಯ ಫರಸಿ ಹಾಸಿನ ಮೇಲೇ ಸಿಮೆಂಟ್ ರಸ್ತೆ ಹಾಕಿದ್ದರು. ಫರಸಿಯ ಸಂದಿನಿಂದ ಮೇಲೆದ್ದು ಎರಡರ ನಡುವೆ ಸಿಕ್ಕ ನೀರು ಮೇಲೆ ಬರಲಾರದೆ, ಕೆಳಗೆ ಇಳಿಯಲಾರದೆ, ಇಳಿಜಾರು ಹಿಡಿದು ಹೋಗಿ ಮೊದಲು ಸಿಗುವ ಮಣ್ಣಿನ ನೆಲದಲ್ಲಿ ಏಳುತ್ತದೆ. ಆ ಸಾಲಿನಲ್ಲಿ ಮಣ್ಣಿನ ನೆಲ ಉಳಿದಿದ್ದದ್ದು ಶರಣಮ್ಮನ ಅಡುಗೆಮನೆಯದು ಮಾತ್ರ.

ಹಿಟ್ಟಿನ ಗಿರಣಿಯ ಮುಂದೆ ಬಂದಾಗ ಎಲ್ಲವೂ ಕಲಸಿಹೋಯಿತು. ಹೊರಗಿನ ಗದ್ದಲವನ್ನು ಹೆಡ್‌ಫೋನ್ ತಡೆಯುತ್ತದೆ. ಆದರೆ ಗಿರಣಿಯ ಗುಡುಗು ನೆಲದಿಂದಲೇ ಮೈಕಿಗೆ ಏರುತ್ತಿತ್ತು, ಅದಕ್ಕೆ ಯಾವ ಬಟ್ಟಲೂ ಅಡ್ಡ ಬರದು. ಅಷ್ಟೊತ್ತಿಗೆ ಮಲ್ಲಣ್ಣನ ಫೋನು, ಹೆಡ್‌ಫೋನ್ ಕೊರಳಿಗೆ ಇಳಿಸಿ ಕೇಳಿದೆ: “ಮೇಡಂ, ಟಾಕಿ ಖಾಲಿ ಆಗ್ಲಿಕತ್ತದ. ಲಗೂ ಮಾಡ್ರಿ.”

ಗಿರಣಿಯವನಿಗೆ ನಿಲ್ಲಿಸು ಎಂದು ಕೈ ಮಾಡಿದೆ. ಸಾಲಿನಲ್ಲಿ ಕಾಳಿನ ಡಬ್ಬಿ ಹಿಡಿದವರನ್ನು ತೋರಿಸಿ ಆತ ತಲೆಯಾಡಿಸಿದ. ಆಗ ಶರಣಮ್ಮ ಮುಂದೆ ಬಂದಳು. “ನಿನ್ನ ಗಿರಣಿಗಿ ಎಲ್ಲಾರ್ಕಿಂತ ಜಾಸ್ತಿ ಜೋಳ ಹಾಕಾಕಿ ನಾನು. ನನ್ನ ಒಲಿ ಆರಿತಂದ್ರ ನಿನ್ನ ಪಟ್ಟಾನೂ ನಿಂತಂಗೇ. ಬಂದ್ ಮಾಡಪಾ ಜರಾ,” ಎಂದಳು. ಆತ ಸ್ವಿಚ್ ಇಳಿಸಿದ. ಗಿರಣಿಯ ಬೆಲ್ಟು, ಆ ಪಟ್ಟಾ, ಎರಡು ಸುತ್ತು ಸುತ್ತಿ ನಿಂತಿತು.

ಮತ್ತೆ ಹೆಡ್‌ಫೋನ್ ಹಾಕಿಕೊಂಡು ಮೈಕಿಟ್ಟೆ. ಏನು ಹೇಳಲಿ. ಕಿವಿಯ ಒಳಗೇ ಹರಿದ ಹಾಗೆ, ಚಿಂಚೋಳಿಯ ರೆಕಾರ್ಡಿಗಿಂತ ಜೋರಾಗಿ, ಸುಂಯ್ ಎಂದು ಒಂದೇ ಸಮನೆ. ಆಚೆ ಇಟ್ಟರೆ ಕಡಿಮೆ, ಈಚೆ ಇಟ್ಟರೆ ಕಡಿಮೆ, ಗಿರಣಿಯ ಮೆಟ್ಟಿಲ ಎದುರಿಗೆ ಭೋರ್ಗರೆತ. ನನಗೆ ಕುಣಿಯಬೇಕೆನಿಸಿತು. ಆದರೆ ಶಿವರಾಜ ಕೈಕಟ್ಟಿ ದೂರ ನಿಂತಿದ್ದ, ಶರಣಮ್ಮನ ಮುಖದಲ್ಲಿ ನಂಬಿಕೆ ಇರಲಿಲ್ಲ. ರಸ್ತೆ ಪೂರಾ ಒಣಗಿತ್ತು. ಯಾರಾದರೂ ಯಾಕೆ ನಂಬಬೇಕು? ಹೆಡ್‌ಫೋನ್ ಬಿಚ್ಚಿ ಆಕೆಯ ತಲೆಗೆ ಹಾಕಿದೆ.

ಆಕೆ ಕಣ್ಣು ಮುಚ್ಚಿದಳು. ನಾನು ಫೋನಿನಲ್ಲಿ ಮಲ್ಲಣ್ಣನಿಗೆ ವಾಲ್ ಬಂದ್ ಮಾಡಲು ಹೇಳಿದೆ. ಸ್ವಲ್ಪ ಹೊತ್ತಿಗೆ ಆಕೆಯ ಹುಬ್ಬು ಮೇಲೇರಿತು. “ಸಣ್ಣ ಆಗ್ಲಿಕತ್ತದ್ರಿ. ಆತು. ನಿಂತೇ ಹೋಯ್ತು.” ಮತ್ತೆ ತೆರೆಸಿದೆ. “ಮತ್ತ ಬಂತ್ರಿ,” ಎಂದಳು.

ಆಮೇಲೆ ಆಕೆ ಮಾಡಿದ್ದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹೆಡ್‌ಫೋನ್ ತೆಗೆದು ಶಿವರಾಜನ ಕಡೆ ನೋಡಿ ಕೈಚಾಚಿದಳು. ವಾಯರ್ ಗಿಡ್ಡ, ಅವನೇ ಬರಬೇಕು. ಬಂದ. ಆಕೆಯೇ ಅವನ ಕಿವಿಗೆ ಹಾಕಿದಳು. ಅವನು ತಲೆ ಬಗ್ಗಿಸಿ ಬಹಳ ಹೊತ್ತು ಕೇಳಿದ.

“ವೈನಿ, ಇದು ಗಿರಣಿ ಮುಂದಿಂದು,” ಎಂದು ಅತ್ತಿಗೆಗೆ ಹೇಳಿದ.

ಕಿವಿ ಮುಚ್ಚಿದ್ದರಿಂದ ಅವನಿಗೆ ಕೇಳಲಿಕ್ಕಿಲ್ಲ ಎಂದು ಆಕೆ ಒಂದು ಕಡೆಯ ಬಟ್ಟಲನ್ನು ಸರಿಸಿ ಹೇಳಿದಳು: “ಹೂಂ. ನಿಂದಲ್ಲಪಾ.”

ಮರುದಿನ ಬ್ರೇಕರ್‌ನವನು ಹೇಳಿದ ಹೊತ್ತಿಗೆ ಬಂದ. ಅವನನ್ನು ವಾಪಸ್ ಕಳಿಸಲಿಲ್ಲ, ಗಿರಣಿಯ ಮುಂದಿನ ರಸ್ತೆಗೆ ಹಚ್ಚಿದೆವು. ಕಾಂಕ್ರೀಟಿನ ಅಡಿಯಲ್ಲಿ ಫರಸಿ, ಫರಸಿಯ ಅಡಿಯಲ್ಲಿ ಪೈಪು. ಒಂದು ಮನೆಗೆ ನಲ್ಲಿ ಕೊಟ್ಟ ಜೋಡಣೆ ಸೀಳಿತ್ತು. ಕಲ್ಲು ತುಂಬಿದ ಟ್ರ್ಯಾಕ್ಟರುಗಳು ತಿರುಗುತ್ತಿದ್ದ ಜಾಗ ಅದು. ಸಂಜೆಯೊಳಗೆ ಹೊಸ ಜೋಡಣೆ ಹಾಕಿ ಮುಚ್ಚಿದೆವು. ಉಬ್ಬಿದ ಗೋಡೆಯನ್ನು ಶಿವರಾಜನೇ ಆಸರೆ ಕೊಟ್ಟು, ನಿಧಾನಕ್ಕೆ ಬಿಚ್ಚಿ ಹೊಸದಾಗಿ ಕಟ್ಟಿಸಿದ.

ಈ ಕೆಲಸ ನನಗೆ ಕಲಿಸಿದ್ದಿಷ್ಟು. ಜನ ಒದ್ದೆಯಾದ ಕಡೆಗೇ ಬೆರಳು ತೋರಿಸುತ್ತಾರೆ, ಅದು ಸಹಜ. ನಾನೊಬ್ಬಳೇ ಕೇಳಿ ಹೇಳಿದ್ದರೆ ಪೈಪು ದುರಸ್ತಿಯಾಗುತ್ತಿತ್ತು, ಅಷ್ಟೇ. ಆಮೇಲೆ ನಿವೃತ್ತಿಯಾಗುವವರೆಗೂ ಎಲ್ಲೇ ಸೋರಿಕೆ ಹಿಡಿದರೂ, ಗುದ್ದಲಿ ಮುಟ್ಟುವ ಮೊದಲು ಜಗಳವಾಡಿದವರಿಬ್ಬರ ತಲೆಗೂ ಒಬ್ಬರ ನಂತರ ಒಬ್ಬರಿಗೆ ಆ ಹೆಡ್‌ಫೋನ್ ಹಾಕಿಸಿದೆ. ಈಗ ಅದರ ಬಟ್ಟಲಿನ ಗಾದಿಯ ಸಿಪ್ಪೆ ಏಳುತ್ತಿದೆ. ಸದ್ದು ಹಾಗೇ ಇದೆ.

ಬೆಂಡೋಲೆ ಮಾತ್ರ ಆ ಗಡಿಬಿಡಿಯಲ್ಲಿ ಶರಣಮ್ಮನ ಸೆರಗಿನಲ್ಲೇ ಉಳಿದುಹೋಗಿತ್ತು. ಕೆಲವು ವಾರಗಳ ಮೇಲೆ ಶಿವರಾಜ ಆಫೀಸಿಗೆ ಬಂದ. ಒಂದು ಕೈಯಲ್ಲಿ ಬೆಂಡೋಲೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು.

“ವೈನಿ ಕೊಟ್ಟು ಕಳಸ್ಯಾಳ್ರಿ. ಮುರದು ನೋಡ್ರಿ ಅಂತ ಹೇಳ್ಯಾಳ.”

ಗಂಟು ಬಿಚ್ಚಿ ಮೇಲಿನ ರೊಟ್ಟಿ ತೆಗೆದು ಮುರಿದೆ. ಕಟ್ ಎಂದಿತು. ಆ ಸದ್ದು ಆಚೆಯ ಮೇಜಿನವರಿಗೂ ಕೇಳಿಸಿತು.