ಸಹಿ ಬೀಳದ ಚೀಟಿ

ಐವತ್ತು ವರ್ಷ ದಾಟಿದರೂ ಸೋಮಲಿಂಗಪ್ಪನಿಗೆ ಆ ಬೈಗುಳ ನೆನೆದರೆ ಮೈ ಉರಿಯುತ್ತದೆ. ಎಪ್ಪತ್ತೊಂದರ ಯುದ್ಧದಲ್ಲಿ ವಾಯುಪಡೆಯ ಪೈಲಟ್‌ಗಳಿಗೆ ಪ್ಯಾರಾಶೂಟ್ ಮಡಚಿ ಕಟ್ಟುವುದು ಅವನ ಕೆಲಸ. ಕಟ್ಟಿದವನು ಅದರ ಜೇಬಿನ ಚೀಟಿಗೆ ಸಹಿ ಹಾಕಲೇಬೇಕು. ಒಂದು ಬೆಳಿಗ್ಗೆ ಮರೆತುಬಿಟ್ಟ.

"ಕತ್ತೆ, ಹೆಸರು ಬರೆಯೋಕೂ ಬರಲ್ವೇನೋ?" ಎಂದು ಫೈಟರ್ ಪೈಲಟ್ ಶೇಷಗಿರಿ ಎಲ್ಲರೆದುರು ಕೂಗಿದರು. ಅಷ್ಟರಲ್ಲಿ ಸೈರನ್ ಮೊಳಗಿತು. "ಕಟ್ಟಿದ್ದು ನೀನೇ ತಾನೇ? ಸಾಕು ಬಿಡು," ಎಂದವರೇ ಅದನ್ನೇ ಬಿಗಿದುಕೊಂಡು ಹಾರಿದರು.

ಹದಿನಾಲ್ಕು ದಿನದಲ್ಲಿ ಇಪ್ಪತ್ತು ಸಲ ಹಾರಿ ಪದಕ ಗಳಿಸಿದ ಮನುಷ್ಯ ಅವರು. ಅವತ್ತು ಶತ್ರುವಿನ ಎರಡು ವಿಮಾನ ಉರುಳಿಸಿದ ಮೇಲೆ ಅವರ ವಿಮಾನಕ್ಕೇ ಬೆಂಕಿ ಬಿತ್ತು. ಜಿಗಿದರು; ಪ್ಯಾರಾಶೂಟ್ ಬಿಚ್ಚಿಕೊಂಡಿತು, ನಮ್ಮ ಗಡಿಯೊಳಗಿನ ಒಂದು ಹೊಳೆಗೆ ಇಳಿದು ಬದುಕಿಕೊಂಡರು. ಆಮೇಲೆ ವಿಚಾರಣೆಯಲ್ಲಿ ಚೀಟಿ ಕೇಳಿದರು. ಸಹಿಯಿಲ್ಲವೆಂದು ಗೊತ್ತಾಗಿದ್ದರೆ ಸೋಮಲಿಂಗಪ್ಪನ ನೌಕರಿ ಹೋಗುತ್ತಿತ್ತು.

"ಸಹಿ ಇತ್ತು. ಚೀಟಿ ಹೊಳೆ ಪಾಲಾಯ್ತು," ಎಂದುಬಿಟ್ಟರು ಶೇಷಗಿರಿ.

ಆ ನೌಕರಿಯಿಂದಲೇ ಕತ್ರಿಗುಪ್ಪೆಯ ಮನೆ, ಮಗಳ ಓದು, ಇವತ್ತಿನ ಪಿಂಚಣಿ. ಸಾಹೇಬರು ಪುಟ್ಟೇನಹಳ್ಳಿ ಕೆರೆಯ ಹತ್ತಿರ ವಾಕಿಂಗ್ ಬರುತ್ತಾರೆಂದು ಹೋದ ವರ್ಷ ತಿಳಿದಾಗ ಸೋಮಲಿಂಗಪ್ಪ ಆಟೊ ಹಿಡಿದು ಹೋದ.

"ಸಾರ್, ನನ್ನ ಅನ್ನ ಉಳಿಸಿದ್ರಿ. ಕೈ ಮುಗಿಯೋಕೆ ಬಂದೆ."

"ಲೋ, ಇಳಿಸು ಕೈ! ಜೀವ ಉಳಿದಿದ್ದು ನಂದು. ಮುಗಿಯೋದಾದ್ರೆ ನಾನು ಮುಗೀಬೇಕು."

"ಹಂಗಾದ್ರೆ ಕತ್ತೆ ಅಂದಿದ್ದು?"

"ಅದು ವಾಪಸ್ ತಗೊಳಲ್ಲ. ತಪ್ಪು ನಿಂದೇ."

ಸೋಮಲಿಂಗಪ್ಪ ನಕ್ಕುಬಿಟ್ಟ. ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಾನೆ. ಆ ಉಪಕಾರದ ಮಾತಿಗೆ ಬಾಯಿ ತೆರೆದರೆ ಸಾಕು, ಸಾಹೇಬರು ಮಾತು ತಿರುಗಿಸಿ ಕಾಫಿಗೆ ಎಳೆದೊಯ್ಯುತ್ತಾರೆ. ಋಣ ಹಾಗೇ ಉಳಿದಿದೆ.