ಸೊಗಡವರೆ ಮತ್ತು ದೊಡ್ಡವರ ಕಾರ್ಟೂನು

ಮಂಡ್ಯದ ಮಾರ್ಕೆಟ್ಟಿನಿಂದ ತಂದ ಸೊಗಡವರೆಯ ವಾಸನೆ ಕೈಗೆ ಅಂಟಿದ್ದೇ ತಡ, ಕೆರಗೋಡಿನ ಅಜ್ಜಿ ಮನೆ ನೆನಪಾಯಿತು. ಅಲ್ಲಿ ಅವರೆಕಾಯಿ ಸುಲಿಯುತ್ತ ನಾವೆಲ್ಲ ಟಿವಿಯಲ್ಲಿ ಇಂಗ್ಲಿಷ್ ಕಾರ್ಟೂನು ನೋಡುತ್ತಿದ್ದೆವು. ಮಾತು ಯಾರಿಗೂ ತಿಳಿಯದು, ಗಂಡ ಹೆಂಡಿರ ಜಗಳ ಮಾತ್ರ ತಿಳಿಯುತ್ತಿತ್ತು.

“ಅದು ದೊಡ್ಡೋರು ನೋಡಾದು, ಆರ್ಸ್ಲಾ,” ಎಂದರು ಚಿಕ್ಕಪ್ಪ.

“ಬೊಂಬೆ ತಾನೆ, ನೋಡ್ಕಳ್ಲಿ ಬುಡ್ಲಾ,” ಎಂದಳು ಅಜ್ಜಿ.

ಡೊಳ್ಳುಹೊಟ್ಟೆಯ ಗಂಡ ಜಾರಿ ಬಿದ್ದಾಗ ನಾನು ನಗುತ್ತಿದ್ದೆ. ಹೆಂಡತಿ ಬೈಯುವಾಗ ಅವನು ಕೇಳಿಸದವನಂತೆ ಪೇಪರು ಬಿಡಿಸಿದರೆ ಅಜ್ಜಿ ನಗುತ್ತಿದ್ದಳು. “ಥೇಟ್ ನಿಮ್ಮ ತಾತ್ನೇ ಕಣ್ಲಾ.”

ಈಗ ಪಕ್ಕದಲ್ಲಿ ಮಗಳು ಅಂಥದ್ದೇ ಒಂದು ಕಾರ್ಟೂನು ನೋಡುತ್ತಿದ್ದಾಳೆ. ಆರಿಸು ಎನ್ನಲು ಬಗ್ಗಿದವನು, ಅದರಲ್ಲಿ ಹೆಂಡತಿ ಬೈಯುತ್ತಿದ್ದರೂ ಮೊಬೈಲು ತಿಕ್ಕುತ್ತ ಕೂತ ಗಂಡನನ್ನು ಕಂಡು ನಕ್ಕುಬಿಟ್ಟೆ.

ಮಗಳು ನನ್ನನ್ನೇ ನೋಡಿದಳು. “ಯಾರೂ ಬೀಳ್ಲೇ ಇಲ್ವಲ್ಲಪ್ಪ, ಯಾಕ್ ನಗ್ತಿದ್ದೀಯ?”